ಆಂಟೆನಾ ತಗೊಂಡು ಬಾದಾಮಿಗೆ ಬರ್ರಿ

ಬಾದಾಮಿಯ ಮ್ಯೂಸಿಯಂ ಮಗ್ಗುಲಿನ ಸಂದಿಯಿಂದ ಬಾವನ್ ಬಂಡೆ ಕೋಟೆ ಹತ್ತುವಾಗ ಫೋನಿನಲ್ಲಿ ನಕ್ಷೆ ತೆರೆದು ನೋಡಿ. ಎರಡೂ ಬದಿಗೆ ಕೆಂಪು ಬಂಡೆ, ನೆತ್ತಿಯ ಮೇಲೆ ಆಕಾಶದ ಒಂದು ಸೀಳು. ನೀವು ನಿಂತಲ್ಲೇ ನಿಂತಿದ್ದರೂ ನಕ್ಷೆಯ ನೀಲಿ ಚುಕ್ಕೆ ಒಮ್ಮೆ ಬಂಡೆಯ ತಲೆಯ ಮೇಲಕ್ಕೆ ಜಿಗಿಯುತ್ತದೆ, ಒಮ್ಮೆ ಅಗಸ್ತ್ಯ ತೀರ್ಥದ ನಡುನೀರಿಗೆ ಇಳಿಯುತ್ತದೆ. "ಇಲ್ಲಿ ನೆಟ್‌ವರ್ಕ್ ಬರೂದಿಲ್ರೀ" ಅನ್ನುವುದು ರೂಢಿ. ನೆಟ್‌ವರ್ಕ್ ಪೂರ್ತಿ ಇದ್ದಾಗಲೂ ಚುಕ್ಕೆ ಹೀಗೇ ಅಲೆಯುತ್ತದೆ. ಉಪಗ್ರಹದ ಸಂಕೇತದ ಜೊತೆಗೆ, ಕೆಲವೊಮ್ಮೆ ಅದರ ಬದಲಿಗೇ, ಬಂಡೆಗೆ ಬಡಿದು ಬಂದ ಮಾರ್ದನಿ ಫೋನಿಗೆ ಕೇಳಿಸುತ್ತಿರುತ್ತದೆ.

ಪ್ರವಾಸಿಯ ಚುಕ್ಕೆ ಕೆರೆಗೆ ಬಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಹೊಲದ ಬಾಂದಗಲ್ಲು ಎಲ್ಲಿರಬೇಕು ಎಂದು ಈಗ ಹೇಳುವುದೂ ಇದೇ ಉಪಗ್ರಹಗಳು. ನಮ್ಮ ಸೀಮೆಯಲ್ಲಿ ಮುಂಬಯಿ ಸರಕಾರದ ಕಾಲದ ಸರ್ವೆ ನಡೆದದ್ದು 33 ಅಡಿಯ ಸರಪಳಿಯಿಂದ. ಸರಪಳಿಗೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಸರಪಳಿ ಎಳೆಯುವವರು ಎಲ್ಲಿ ಸಡಿಲ ಬಿಟ್ಟರು, ಎಲ್ಲಿ ಬಿಗಿ ಹಿಡಿದರು ಎನ್ನುವುದು ಬದುವಿನ ಮೇಲೆ ಕುಂತ ಅಜ್ಜನಿಗೂ ಕಾಣುತ್ತಿತ್ತು. ಈಗ ಸರ್ವೆಯವರ ಕೈಯಲ್ಲಿ ರೋವರ್ ಬಂದಿದೆ. ಎರಡು ಮೀಟರ್ ಕೋಲು, ಅದರ ತುದಿಗೆ ಒಂದು ಗುಂಡು ಡಬ್ಬಿ, ಕೈಯಲ್ಲಿ ಒಂದು ಪರದೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಕಾಯಂ ಕೇಂದ್ರಗಳಿಂದ ತಿದ್ದುಪಡಿ ಮಾಹಿತಿ ಮೊಬೈಲ್ ಜಾಲದ ಮೂಲಕ ಬರುತ್ತದೆ, ಕ್ಷಣದಲ್ಲಿ ಅಳತೆ ಮುಗಿಯುತ್ತದೆ. ಇದು ಒಳ್ಳೆಯದೇ. ಸರಪಳಿಯ ಕಾಲ ವಾಪಸ್ ಬರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಗುಂಡು ಡಬ್ಬಿಯೊಳಗಿನ ಆಂಟೆನಾ ಸಡಿಲ ಬಿಟ್ಟರೆ ಅದು ಬದುವಿನ ಮೇಲೆ ಕುಂತ ಯಾರಿಗೂ ಕಾಣುವುದಿಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ. ಆಲಮಟ್ಟಿ ಜಲಾಶಯದ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಬೇಕೆಂಬ ಯೋಜನೆಯ ನೆರಳಲ್ಲಿ ಎಷ್ಟೋ ಊರುಗಳು ಬದುಕುತ್ತಿವೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಒಪ್ಪಿದ ಪರಿಹಾರದ ದರ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ. ಅಂದರೆ ಒಣಭೂಮಿಯ ಒಂದು ಗುಂಟೆಗೆ 75 ಸಾವಿರ ರೂಪಾಯಿ. 100 ಮೀಟರ್ ಉದ್ದದ ಬದು ಒಂದು ಮೀಟರ್ ಆಚೀಚೆ ಸರಿದರೆ ಹೆಚ್ಚುಕಡಿಮೆ ಒಂದು ಗುಂಟೆ ಹೋಯಿತು. ಎತ್ತರದ ಅಳತೆಯಲ್ಲಿ ಇನ್ನೂ ಬಿಕ್ಕಟ್ಟು. 200 ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ಎರೆಹೊಲದಲ್ಲಿ 10 ಸೆಂಟಿಮೀಟರ್ ಎತ್ತರ ತಪ್ಪಿದರೆ ಮುಳುಗಡೆಯ ಗೆರೆ 20 ಮೀಟರ್ ಸರಿಯುತ್ತದೆ. ಆ 20 ಮೀಟರಿನಲ್ಲಿ ಯಾರದೋ ಬಾವಿ ಇರಬಹುದು, ಯಾರದೋ ಮನೆ ಇರಬಹುದು.

ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಂಟೆನಾ ಪಾಠ ಹೇಳಿ ನಿವೃತ್ತಳಾದವಳು. ತವರು ಬಾದಾಮಿ. ಅಣ್ಣನ ಹೊಲ ಗುಡ್ಡದ ಬುಡದಲ್ಲಿದೆ. ಅವನ ಹೊಲಕ್ಕೂ ಪಕ್ಕದವರ ಹೊಲಕ್ಕೂ ಹದ್ದುಬಸ್ತು ಮಾಡಲು ಸರ್ವೆಯವರು ಬಂದ ದಿನ ರೋವರ್ ತೋರಿಸಿದ ಜಾಗ ಹಳೆಯ ಕಲ್ಲಿನಿಂದ ಒಂದು ಮೊಳಕ್ಕಿಂತ ಹೆಚ್ಚೇ ದೂರವಿತ್ತು. ಕೋಲು ಹಿಡಿದ ಹುಡುಗ ನನ್ನ ಹಳೆಯ ವಿದ್ಯಾರ್ಥಿ. "ಮೇಡಂ, ಫಿಕ್ಸ್ ಬಂದೈತ್ರೀ. ಎರಡು ಸೆಂಟಿಮೀಟರ್ ಅಂತ ಪರದೆ ಮ್ಯಾಲೇ ತೋರಸಾಕತ್ತೈತಿ ನೋಡ್ರೀ" ಅಂದ. ಅಣ್ಣನ ಮುಖ ಬಿಗಿಯಿತು. ಯಂತ್ರ ಸುಳ್ಳು ಹೇಳದು, ಹಾಗಾದರೆ ಕಲ್ಲು ಸರಿಸಿದವರು ಯಾರು? ಎರಡು ತಲೆಮಾರು ಒಂದೇ ಬಾವಿಯ ನೀರು ಕುಡಿದ ಮನೆಗಳ ನಡುವೆ ಆ ಪ್ರಶ್ನೆ ಬಂದು ನಿಂತಿತು. ಬೇರೊಂದು ದಿನ, ಬೇರೆ ಹೊತ್ತಿನಲ್ಲಿ ಅದೇ ಕೋಲನ್ನು ಅದೇ ಕಲ್ಲಿನ ಮೇಲೆ ನಿಲ್ಲಿಸಿದಾಗ ಅಳತೆ ಬೇರೆಯೇ ಬಂತು. ಕಲ್ಲು ಕದಲಿರಲಿಲ್ಲ. ಆಕಾಶದಲ್ಲಿ ಉಪಗ್ರಹಗಳು ಕದಲಿದ್ದವು, ಗುಡ್ಡದಿಂದ ಬರುವ ಮಾರ್ದನಿಯ ದಾರಿ ಬದಲಾಗಿತ್ತು.

ಪರದೆಯ ಮೇಲಿನ "ಎರಡು ಸೆಂಟಿಮೀಟರ್" ರೋವರ್ ತನಗೆ ತಾನೇ ಕೊಟ್ಟುಕೊಂಡ ಅಂಕ. ಉಪಗ್ರಹದಿಂದ ತನ್ನವರೆಗೆ ಎಷ್ಟು ಅಲೆಗಳು ಹಿಡಿಸುತ್ತವೆ ಎಂದು ಅದು ಪೂರ್ಣ ಸಂಖ್ಯೆಯಲ್ಲಿ ಎಣಿಸುತ್ತದೆ. ಎಣಿಕೆ ಕೂಡಿಬಂತು ಅನ್ನಿಸಿದಾಗ ಫಿಕ್ಸ್ ಎನ್ನುತ್ತದೆ. ಎಣಿಕೆ ನಿಜಕ್ಕೂ ಸರಿಯಾಗಿದ್ದರೆ, ನೇರ ಸಂಕೇತಕ್ಕಿಂತ ಕ್ಷೀಣವಾದ ಮಾರ್ದನಿ ಒಂದು ಉಪಗ್ರಹದ ದೂರವನ್ನು ಕಾಲು ಅಲೆಗಿಂತ ಹೆಚ್ಚು, ಅಂದರೆ ಸುಮಾರು 4.8 ಸೆಂಟಿಮೀಟರಿಗಿಂತ ಹೆಚ್ಚು ಕೆಡಿಸಲಾರದು. ಆದರೆ ಮಾರ್ದನಿಯ ಗದ್ದಲದಲ್ಲಿ ಎಣಿಕೆಯೇ ತಪ್ಪಿದರೆ ತಪ್ಪು ಮೊಳಕ್ಕೂ ಹೋಗಬಹುದು, ಮಾರಿಗೂ ಹೋಗಬಹುದು. ಆಗಲೂ ಪರದೆ ಎರಡು ಸೆಂಟಿಮೀಟರ್ ಎಂದೇ ಹೇಳುತ್ತಿರುತ್ತದೆ.

ಇದಕ್ಕೆ ಕಟ್ಟಬೇಕಾದ ಮೊದಲ ಒಡ್ಡು ಆಂಟೆನಾ. ಉಳಿದ ಎಲ್ಲ ತಂತ್ರಾಂಶ ಅದರ ಹಿಂದಿನ ಮಾತು.

ಉಪಗ್ರಹದ ಅಲೆ ನೆಲ ಮುಟ್ಟುವ ಹೊತ್ತಿಗೆ ಎಷ್ಟು ಬಡವಾಗಿರುತ್ತದೆ ಎಂದರೆ, ಒಂದು ವ್ಯಾಟನ್ನು ನೂರು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲು ನಮ್ಮ ಕೈಗೆ ಸಿಗುತ್ತದೆ. ಜಿಪಿಎಸ್ ಉಪಗ್ರಹಗಳು ಇರುವುದು 20,200 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ನಾವಿಕ್ ಉಪಗ್ರಹಗಳು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಹೊರಟ ಅಲೆಯ ವಿದ್ಯುತ್ ಕ್ಷೇತ್ರ ಒಂದೇ ಸಮತಲದಲ್ಲಿ ಮೇಲೆ ಕೆಳಗೆ ಆಡುವುದಿಲ್ಲ. ಮುಂದೆ ಸಾಗುತ್ತ ಬಲಕ್ಕೆ ಸುತ್ತುತ್ತ ಬರುತ್ತದೆ, ಬಲಕ್ಕೆ ಹೊಸೆದ ಹಗ್ಗದ ಹುರಿಯ ಹಾಗೆ. ಇದಕ್ಕೆ ವೃತ್ತೀಯ ಧ್ರುವೀಕರಣ ಎನ್ನುತ್ತಾರೆ. ಹೀಗೆ ಮಾಡಲು ಕಾರಣವಿದೆ. ಅಯಾನುಗೋಲವನ್ನು ಸೀಳಿ ಬರುವಾಗ ಅಲೆಯ ಸಮತಲ ತಿರುಚಿಕೊಳ್ಳುತ್ತದೆ, ಉಪಗ್ರಹ ತಿರುಗುತ್ತಿರುತ್ತದೆ, ನೆಲದ ಮೇಲೆ ಕೋಲು ಹಿಡಿದವನು ಯಾವ ದಿಕ್ಕಿಗೆ ಮುಖ ಮಾಡಿರುತ್ತಾನೋ ಗೊತ್ತಿಲ್ಲ. ಸುತ್ತುವ ಅಲೆಗೆ ಇದಾವುದರ ಹಂಗೂ ಇಲ್ಲ. ಇನ್ನೊಂದು ಲಾಭ ತಾನಾಗಿ ಬಂದದ್ದು. ಹಗ್ಗವನ್ನು ಕನ್ನಡಿಗೆ ಹಿಡಿದರೆ ಬಲಹುರಿ ಎಡಹುರಿಯಾಗಿ ಕಾಣುತ್ತದಲ್ಲ, ಗೋಡೆಗೆ ನೇರ ಬಡಿದು ಹಿಂದಿರುಗಿದ ಅಲೆಗೂ ಅದೇ ಆಗುತ್ತದೆ. ಬಲಹುರಿಯನ್ನು ಮಾತ್ರ ಒಳಗೆ ಬಿಟ್ಟು ಎಡಹುರಿಯನ್ನು ಹೊರಗೆ ನಿಲ್ಲಿಸುವ ಆಂಟೆನಾ ಮಾಡಿದರೆ ಮಾರ್ದನಿಯ ದೊಡ್ಡ ಪಾಲು ಬಾಗಿಲಲ್ಲೇ ಉಳಿಯಿತು.

ತಿರುಚಿದ ವಸ್ತುವಿಗೂ ಅಲೆಗೂ ಇರುವ ಈ ನಂಟನ್ನು ಮೊದಲು ಪ್ರಯೋಗದಲ್ಲಿ ತೋರಿಸಿದವರು ನಮ್ಮವರೇ. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಸೆಣಬಿನ ನಾರನ್ನು ಹೊಸೆದು ಕಟ್ಟುಮಾಡಿ ಅದರ ಮೂಲಕ ರೇಡಿಯೋ ಅಲೆ ಹಾಯಿಸಿದರು. ಬಲಕ್ಕೆ ಹೊಸೆದ ನಾರು ಅಲೆಯ ಸಮತಲವನ್ನು ಒಂದು ಕಡೆಗೆ ತಿರುಗಿಸಿತು, ಎಡಕ್ಕೆ ಹೊಸೆದದ್ದು ಇನ್ನೊಂದು ಕಡೆಗೆ. 1898ರಲ್ಲಿ ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಅರ್ಧ ಶತಮಾನದ ಮೇಲೆ, 1946ರಲ್ಲಿ, ಅಮೆರಿಕದ ಒಹಾಯೊದಲ್ಲಿ ಜಾನ್ ಕ್ರೌಸ್ ಎಂಬ ಪ್ರಾಧ್ಯಾಪಕರು ಉಪನ್ಯಾಸಕ್ಕೆ ಬಂದ ತಜ್ಞರೊಬ್ಬರನ್ನು ತಂತಿಯ ಸುರುಳಿ ಆಂಟೆನಾ ಆದೀತೇ ಎಂದು ಕೇಳಿದರು. ಆಗದು ಎಂಬ ಉತ್ತರ ಬಂತು. ಕ್ರೌಸ್ ಮನೆಗೆ ಹೋಗಿ ನೆಲಮನೆಯಲ್ಲಿ ತಂತಿ ಸುತ್ತಿ ಅಳೆದೇ ಬಿಟ್ಟರು. ಆಯಿತು. ಇಂದು ಜಿಪಿಎಸ್ ಉಪಗ್ರಹ ಭೂಮಿಗೆ ಮುಖ ಮಾಡಿದ ಬದಿಯಲ್ಲಿ 12 ಇಂಥ ಸುರುಳಿಗಳನ್ನು ಹೊತ್ತು ತಿರುಗುತ್ತದೆ. ಸೆಣಬು ಹೊಸೆಯುವುದಕ್ಕೂ ತಂತಿ ಸುತ್ತುವುದಕ್ಕೂ ಬೇಕಾದದ್ದು ಕೈ.

ನೆಲದ ಮೇಲಿನ ಸಾಧನಗಳಲ್ಲಿ ಹೆಚ್ಚಾಗಿ ಇರುವುದು ಸುರುಳಿಯಲ್ಲ, ಪ್ಯಾಚ್. ವಾಹನಗಳ ಟ್ರ್ಯಾಕರ್ ಬಿಚ್ಚಿದರೆ 25 ಮಿಲಿಮೀಟರ್ ಚೌಕದ, 4 ಮಿಲಿಮೀಟರ್ ದಪ್ಪದ ಸೆರಾಮಿಕ್ ಬಿಲ್ಲೆ ಸಿಗುತ್ತದೆ, ಮೇಲೆ ಬೆಳ್ಳಿಯ ಲೇಪ. ಜಿಪಿಎಸ್ಸಿನ ಮುಖ್ಯ ಸಂಕೇತ 1575.42 ಮೆಗಾಹರ್ಟ್ಸ್, ಅಲೆಯ ಉದ್ದ 19 ಸೆಂಟಿಮೀಟರ್. ಪ್ಯಾಚ್ ಅರ್ಧ ಅಲೆಯಷ್ಟಿರಬೇಕು, ಅಂದರೆ ಒಂಬತ್ತೂವರೆ ಸೆಂಟಿಮೀಟರ್. ಸೆರಾಮಿಕ್ಕಿನೊಳಗೆ ಅಲೆ ಕುಗ್ಗುವುದರಿಂದ ಎರಡು ಸೆಂಟಿಮೀಟರ್ ಚಿಲ್ಲರೆಯಲ್ಲಿ ಕೆಲಸ ನಡೆಯುತ್ತದೆ. ಈಗ ಅದನ್ನು ಸುತ್ತುವಂತೆ ಮಾಡುವುದು ಹೇಗೆ? ಚೌಕದ ಎದುರುಬದುರಿನ ಎರಡು ಮೂಲೆಗಳನ್ನು ಚೂರು ಕತ್ತರಿಸುತ್ತಾರೆ. ಒಂದು ಕರ್ಣದ ಉದ್ದಕ್ಕೆ ಓಡುವ ಪ್ರವಾಹ ತುಸು ಮೇಲಿನ ಆವರ್ತಾಂಕದಲ್ಲಿ ಅನುರಣಿಸುತ್ತದೆ, ಇನ್ನೊಂದು ಕರ್ಣದ್ದು ತುಸು ಕೆಳಗೆ. ನಟ್ಟನಡುವಿನ ಆವರ್ತಾಂಕದಲ್ಲಿ ಎರಡರ ಬಲವೂ ಸಮ, ಆದರೆ ಒಂದು ಇನ್ನೊಂದಕ್ಕಿಂತ ಕಾಲು ಸುತ್ತು ಹಿಂದೆ. ಕ್ಷೇತ್ರ ಸುತ್ತತೊಡಗುತ್ತದೆ. ಬೇರೆ ಜೋಡಿ ಮೂಲೆ ಕತ್ತರಿಸಿದರೆ ಎಡಕ್ಕೆ ಸುತ್ತುತ್ತದೆ. ಇಷ್ಟೇ ಉಪಾಯ. ಪಾಠ ಹೇಳುವಾಗ ಪ್ರತಿ ಸಲವೂ ನನಗೆ ಇದು ಖುಷಿ ಕೊಟ್ಟ ಜಾಗ.

ಖುಷಿಯ ಹಿಂದೆಯೇ ಸಂಕಟವೂ ಇದೆ. ಆ ನಟ್ಟನಡುವಿನ ಜಾಗ ಬಹಳ ಇಕ್ಕಟ್ಟು. ಮೂಲೆ ಕತ್ತರಿಸಿದ ಒಂಟಿ ಪಿನ್ನಿನ ಪ್ಯಾಚ್ ಚೆನ್ನಾಗಿ ಸುತ್ತುವುದು ಹತ್ತು ಹದಿನೈದು ಮೆಗಾಹರ್ಟ್ಸ್ ಅಗಲದಲ್ಲಿ ಮಾತ್ರ. ಮೇಲೆ ಪ್ಲಾಸ್ಟಿಕ್ ಮುಚ್ಚಳ ಬಂತೆಂದರೆ ಆವರ್ತಾಂಕ ಕೆಳಗಿಳಿಯಿತು. ಕೆಳಗಿನ ಲೋಹದ ತಗಡು ಚಿಕ್ಕದಾಯಿತೆಂದರೆ ಸುತ್ತು ಕೆಟ್ಟಿತು. ಆಗ ವೃತ್ತ ಹೋಗಿ ಅಂಡಾಕಾರವಾಗುತ್ತದೆ. ಆ ಅಂಡದ ಉದ್ದಕ್ಕೂ ಅಗಲಕ್ಕೂ ಇರುವ ಅನುಪಾತವೇ ಆಂಟೆನಾದ ನಿಜವಾದ ಜಾತಕ. ಅದನ್ನು ಡೆಸಿಬೆಲ್‌ನಲ್ಲಿ ಹೇಳುತ್ತಾರೆ. ಒಂದು ಡೆಸಿಬೆಲ್ ಇದ್ದರೆ, ಸಮಬಲದ ಎಡಹುರಿಯ ಅಲೆ ಬಂದಾಗ ಬಲಹುರಿಯಿಂದ ಸಿಗುವ ಶಕ್ತಿಯ 300ರಲ್ಲೊಂದು ಪಾಲು ಮಾತ್ರ ಒಳಗೆ ಬರುತ್ತದೆ. ಮೂರು ಡೆಸಿಬೆಲ್ ಇದ್ದರೆ 34ರಲ್ಲೊಂದು. ಆರು ಆದರೆ 9ರಲ್ಲೊಂದು. ಫೋನಿನೊಳಗೆ ಇರುವಂಥ ರೇಖೀಯ ಆಂಟೆನಾಕ್ಕೆ ಬಲವೂ ಒಂದೇ ಎಡವೂ ಒಂದೇ. ಎರಡರಲ್ಲೂ ಅರ್ಧರ್ಧ ನುಂಗುತ್ತದೆ. ಸಂದಿಯಲ್ಲಿ ನೀಲಿ ಚುಕ್ಕೆ ಕೆರೆಗೆ ಇಳಿಯುವುದು ಇದೇ ಹಸಿವಿನಿಂದ. ಇನ್ನು ಎಷ್ಟೋ ಮಾಹಿತಿ ಪತ್ರಗಳಲ್ಲಿ ಈ ಅನುಪಾತವನ್ನು ಕೊಡುವುದು ನೆತ್ತಿಯ ನೇರಕ್ಕೆ ಮಾತ್ರ. ಮಾರ್ದನಿ ಹೆಚ್ಚಾಗಿ ಬರುವುದು ಬಗಲಿನಿಂದ, ಕೆಳಗಿನಿಂದ. ಅಲ್ಲಿ ಆ ಆಂಟೆನಾ ಎಡಬಲ ಮರೆತಿರುತ್ತದೆ.

ಈಗ ಬಾದಾಮಿಗೆ ಬರೋಣ. ಬಲಹುರಿ ಆಂಟೆನಾ ಎಲ್ಲ ಮಾರ್ದನಿಯನ್ನೂ ತಡೆಯುತ್ತದೆ ಎಂದು ಪಠ್ಯಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ನಮ್ಮೂರ ಕೆರೆಯ ದಂಡೆಯಲ್ಲಿ ಅರ್ಧ ತಾಸು ನಿಂತರೆ ಆ ಸಾಲು ಎಲ್ಲಿ ನಿಜ, ಎಲ್ಲಿ ಸುಳ್ಳು ಎಂದು ತಿಳಿಯುತ್ತದೆ. ಕೆರೆಯ ನೀರು ಪ್ರಾಮಾಣಿಕ. ಅಂಚಿಗೆ ಹತ್ತಿದ ಉಪಗ್ರಹಗಳನ್ನು, ಅಂದರೆ ದಿಗಂತದಿಂದ ಆರು ಡಿಗ್ರಿಯೊಳಗಿನವನ್ನು ಬಿಟ್ಟರೆ ಉಳಿದೆಲ್ಲವುಗಳ ಅಲೆಯನ್ನೂ ಅದು ಎಡಹುರಿ ಮಾಡಿಯೇ ಹಿಂದಕ್ಕೆ ಕಳಿಸುತ್ತದೆ. ಭೂತನಾಥ ಗುಡಿಯ ಹತ್ತಿರ ದಂಡೆಯ ಮೇಲೆ ಒಳ್ಳೆಯ ಆಂಟೆನಾ ಇಟ್ಟರೆ ನೀರಿನ ಮಾರ್ದನಿಯನ್ನು ಅದು ಸುಲಭವಾಗಿ ಗುರುತಿಸುತ್ತದೆ.

ಮರಳುಗಲ್ಲಿನ ಗೋಡೆ ಹಾಗಲ್ಲ. 1815ರಲ್ಲಿ ಡೇವಿಡ್ ಬ್ರೂಸ್ಟರ್ ಬೆಳಕಿಗೆ ಹೇಳಿದ ನಿಯಮ ರೇಡಿಯೋ ಅಲೆಗೂ ಸಲ್ಲುತ್ತದೆ. ಒಣ ಬಂಡೆಗೆ ಅಲೆ ಸುಮಾರು 25 ಡಿಗ್ರಿಗಿಂತ ಕಡಿಮೆ ಓರೆಯಲ್ಲಿ, ಸವರಿಕೊಂಡು ಬಂದರೆ ಹುರಿ ಮಗುಚುವುದಿಲ್ಲ. ಬಲಹುರಿ ಹೆಚ್ಚಾಗಿ ಬಲಹುರಿಯಾಗಿಯೇ ಉಳಿಯುತ್ತದೆ. ಕಡಿದಾಗಿ ನಿಂತ ಬಂಡೆಯನ್ನು ಸವರಿಕೊಂಡು ಬರುವುದು ಯಾವ ಉಪಗ್ರಹದ ಅಲೆ? ನೆತ್ತಿಗೆ ಹತ್ತಿರವಿರುವುದರದ್ದು. ಅಂದರೆ ಸರ್ವೆಯವರು ಎಲ್ಲಕ್ಕಿಂತ ಹೆಚ್ಚು ನಂಬುವ ಉಪಗ್ರಹದ್ದೇ. ಅದರ ಮಾರ್ದನಿ ಮೇಲಿನಿಂದಲೇ ಇಳಿಯುತ್ತದೆ, ಸರಿಯಾದ ಹುರಿಯಲ್ಲೇ ಇರುತ್ತದೆ. ಆಂಟೆನಾ ಅದನ್ನು ನೆಂಟನೆಂದೇ ತಿಳಿದು ಒಳಗೆ ಕರೆಯುತ್ತದೆ. ಸಂದಿಯೊಳಗೆ ಇನ್ನೊಂದು ಮೋಸ. ಎರಡು ಗೋಡೆಗೆ ಬಡಿದ ಅಲೆ ಎರಡು ಸಲ ಮಗುಚಿ ಮತ್ತೆ ಬಲಹುರಿಯಾಗುತ್ತದೆ. ಹೀಗೆ ಮಗುಚುವ ನೀರು, ಮಗುಚದ ಗೋಡೆ, ಎರಡು ಸಲ ಮಗುಚುವ ಸಂದಿ, ಮೂರೂ ಕಾಲ್ನಡಿಗೆಯ ದೂರದಲ್ಲಿ, ಮೇಲೆ ಕೋಟೆಯ ತಲೆಯಲ್ಲಿ ಪೂರ್ತಿ ತೆರೆದ ಆಕಾಶ. ಆಂಟೆನಾ ಪರೀಕ್ಷೆಗೆ ಇಂಥ ಜಾಗವನ್ನು ಕಟ್ಟಿಸಬೇಕೆಂದರೆ ಎಷ್ಟು ಕೋಟಿ ಬೇಕೋ. ಅದು ಇಲ್ಲಿ ಸಿದ್ಧವಾಗಿ ನಿಂತಿದೆ.

ನಾವಿಕ್ ವಿಷಯದಲ್ಲಿ ಇದು ಇನ್ನೂ ಮುಖ್ಯ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿದಾಗ ನಾನೂ ತರಗತಿಯಲ್ಲಿ ಪೇಡೆ ಹಂಚಿದವಳೇ. ಅದರ ಅಣು ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮದೇ ರುಬಿಡಿಯಂ ಗಡಿಯಾರ ಬಂತು. 2025ರ ಜನವರಿ 29ರ ಎನ್‌ವಿಎಸ್-02 ಉದ್ದೇಶಿತ ಕಕ್ಷೆಗೆ ಏರಲಾಗಲಿಲ್ಲ. ಈ ಏಳುಬೀಳುಗಳೆಲ್ಲ ಪತ್ರಿಕೆಯಲ್ಲಿ ಬಂದಿವೆ. ಹಾಸನದ ನಿಯಂತ್ರಣ ಕೇಂದ್ರ, ಬ್ಯಾಲಾಳಿನ ದಾರಿಸೂಚಿ ಕೇಂದ್ರ ಎರಡೂ ನಮ್ಮ ರಾಜ್ಯದಲ್ಲೇ ಇವೆ. ಚರ್ಚೆಯಾಗದಿರುವುದು ನೆಲದ ಮೇಲಿನ ತುದಿ. ನಾವಿಕ್ ವಿನ್ಯಾಸದಲ್ಲಿ ಕೆಲವು ಉಪಗ್ರಹಗಳು ಭೂಸ್ಥಿರ ಕಕ್ಷೆಯಲ್ಲಿರುತ್ತವೆ, ನಮ್ಮ ಆಕಾಶದಲ್ಲಿ ಒಂದೇ ಜಾಗದಲ್ಲಿ ನಿಂತಂತೆ. ಜಿಪಿಎಸ್ ಉಪಗ್ರಹ ಚಲಿಸುವುದರಿಂದ ಮಾರ್ದನಿಯ ತಪ್ಪು ನಿಮಿಷ ನಿಮಿಷಕ್ಕೆ ಏರುತ್ತದೆ, ಇಳಿಯುತ್ತದೆ. ಸ್ವಲ್ಪ ಹೊತ್ತು ಕಾದು ಸರಾಸರಿ ತೆಗೆದರೆ ಬಹುಪಾಲು ಅಳಿಸಿಹೋಗುತ್ತದೆ. ನಿಂತ ಉಪಗ್ರಹ, ನಿಂತ ಬಂಡೆ, ನಿಂತ ಕೋಲು ಇದ್ದಲ್ಲಿ ತಪ್ಪೂ ನಿಂತೇ ಇರುತ್ತದೆ. ದಿನವಿಡೀ ಕಾದರೂ ಸರಾಸರಿ ಅದನ್ನು ತೊಳೆಯದು.

ನಾವಿಕ್‌ನ ಒಂದು ಭೂಸ್ಥಿರ ಸ್ಥಾನ 83 ಡಿಗ್ರಿ ಪೂರ್ವ ರೇಖಾಂಶದ ಮೇಲಿದೆ. ಬಾದಾಮಿಯಿಂದ ನೋಡಿದರೆ ಅದು ದಕ್ಷಿಣದಿಂದ ತುಸು ಪೂರ್ವಕ್ಕೆ, ನೆಲದಿಂದ ಸುಮಾರು 70 ಡಿಗ್ರಿ ಎತ್ತರದಲ್ಲಿ ಬೀಳುತ್ತದೆ. ಉತ್ತರದ ಗುಡ್ಡದ, ದಕ್ಷಿಣಕ್ಕೆ ಮುಖ ಮಾಡಿದ ಬಂಡೆಗೆ ಅಲ್ಲಿಂದ ಬಂದ ಅಲೆ ತಾಗುವ ಓರೆ 18 ಡಿಗ್ರಿಯ ಹತ್ತಿರ. ಹುರಿ ಮಗುಚದ ಓರೆ ಅದು. ಬಂಡೆಯಿಂದ ಐದು ಮೀಟರ್ ದೂರ ನಿಂತವನಿಗೆ ಸುಮಾರು 15 ಮೀಟರ್ ಮೇಲಿನಿಂದ, ಮೂರು ಮೀಟರ್ ಹೆಚ್ಚು ದಾರಿ ಸವೆಸಿ, ಸರಿಯಾದ ಹುರಿಯಲ್ಲಿ ಮಾರ್ದನಿ ಇಳಿಯುತ್ತಲೇ ಇರುತ್ತದೆ, ಹಗಲೂ ರಾತ್ರಿ. ಬಂಡೆ ಒರಟು, ಅಲೆ ಚದುರೀತು ಅನ್ನಬಹುದು. ಅಷ್ಟು ಓರೆಯಲ್ಲಿ ಏಳು ಸೆಂಟಿಮೀಟರ್ ತಗ್ಗುದಿಣ್ಣೆ ಇದ್ದರೂ ಜಿಪಿಎಸ್ಸಿನ ಅಲೆಗೆ ಆ ಗೋಡೆ ನಯವೇ.

ಇಲ್ಲಿ ಒಂದು ಮಾತು ಒಪ್ಪಬೇಕು. ನಾವಿಕ್ ಮತ್ತು ಹೊಸ ಜಿಪಿಎಸ್ ಎರಡರಲ್ಲೂ ಇರುವ ಎಲ್5 ಸಂಕೇತ, 1176.45 ಮೆಗಾಹರ್ಟ್ಸಿನದು, ಹಳೆಯದಕ್ಕಿಂತ ಹತ್ತು ಪಟ್ಟು ವೇಗದ ಸಂಕೇತಮಾಲೆ ಹೊಂದಿದೆ. ಅದರಿಂದ ದೂರದ ಮಾರ್ದನಿಗಳನ್ನು ಬೇರ್ಪಡಿಸುವುದು ಸುಲಭ. ಎರಡು ಆವರ್ತಾಂಕದ ಫೋನುಗಳು ಪೇಟೆಯ ಓಣಿಯಲ್ಲಿ ಮೊದಲಿಗಿಂತ ಚೆನ್ನಾಗಿ ನಡೆಯುವುದು ಹಾಗಾಗಿಯೇ. ತಂತ್ರಾಂಶದವರು ಇದನ್ನೇ ತೋರಿಸಿ, ಆಂಟೆನಾ ಹೇಗಿದ್ದರೇನು ನಾವು ತಿದ್ದುತ್ತೇವೆ ಎನ್ನುತ್ತಾರೆ. ಐದು ಮೀಟರ್ ಹತ್ತಿರದ ಬಂಡೆಯ ಮಾರ್ದನಿಗೆ, ಅದರಲ್ಲೂ ಅಲೆಯೆಣಿಕೆಯ ಸೂಕ್ಷ್ಮ ಅಳತೆಗೆ, ಈ ಲಾಭ ಅಷ್ಟಾಗಿ ದಕ್ಕುವುದಿಲ್ಲ. ಒಳಗೆ ಬಿಟ್ಟುಕೊಂಡ ಮೇಲೆ ಓಡಿಸುವುದಕ್ಕಿಂತ ಬಾಗಿಲಲ್ಲಿ ತಡೆಯುವುದು ಅಗ್ಗ.

ಕಾಯಂ ಕೇಂದ್ರಗಳಿಗೆ ತಡೆಯುವ ದಾರಿ ಗೊತ್ತಿದೆ. ಅಮೆರಿಕದ ಪ್ರಯೋಗಾಲಯ ಜೆಪಿಎಲ್‌ನಲ್ಲಿ ರೂಪುಗೊಂಡ ಚೋಕ್ ರಿಂಗ್ ಎಂಬ ತಟ್ಟೆ: ಆಂಟೆನಾದ ಸುತ್ತ ಒಂದರೊಳಗೊಂದು ಅಲ್ಯೂಮಿನಿಯಂ ಬಳೆಗಳು, ನಡುವಿನ ತೋಡು ಕಾಲು ಅಲೆಯಷ್ಟು ಆಳ. ಕೆಳಗಿನಿಂದ ಬಂದ ಮಾರ್ದನಿ ಅಲ್ಲೇ ಸಾಯುತ್ತದೆ. ಆದರೆ ಹತ್ತಿರ ಹತ್ತಿರ 40 ಸೆಂಟಿಮೀಟರ್ ಅಗಲದ ಆ ಲೋಹದ ತಟ್ಟೆಯನ್ನು ಕೋಲಿಗೆ ಸಿಕ್ಕಿಸಿಕೊಂಡು ಎರೆಮಣ್ಣಿನ ಕೆಸರಲ್ಲಿ, ಆಳೆತ್ತರದ ಕಬ್ಬಿನ ನಡುವೆ ಓಡಾಡುವವರು ಯಾರು? ರೋವರಿಗೆ ಬೇಕಾದದ್ದು ಹಗುರವಾದ, ನಾಲ್ಕು ಕಡೆಯಿಂದ ಪಿನ್ ಕೊಟ್ಟ ಪ್ಯಾಚೋ, ನಾಲ್ಕು ತಂತಿಯ ಸುರುಳಿಯೋ. ಮಾಡಲು ಬರುತ್ತದೆ, ಮಾರುಕಟ್ಟೆಯಲ್ಲೂ ಇವೆ. ಚೆನ್ನಾದದ್ದು ಯಾವುದು, ಹೆಸರಿಗಷ್ಟೇ ಇರುವುದು ಯಾವುದು ಎಂದು ಕೊಳ್ಳುವವರಿಗೆ ತಿಳಿಯುವುದು ಹೇಗೆ ಎಂಬುದು ಪ್ರಶ್ನೆ.

ನಾನು ನೋಡಿದ ಖರೀದಿ ಕಾಗದಗಳಲ್ಲಿ ಎಷ್ಟು ಚಾನೆಲ್, ಎಷ್ಟು ಉಪಗ್ರಹ ವ್ಯವಸ್ಥೆ, ಬ್ಯಾಟರಿ ಎಷ್ಟು ತಾಸು, ನೀರು ಧೂಳು ತಡೆಯುತ್ತದೋ ಇಲ್ಲವೋ, ಎಲ್ಲ ಇತ್ತು. ಆಂಟೆನಾ ಬಗ್ಗೆ "ಒಳಗೇ ಇರಬೇಕು" ಎಂಬ ಒಂದು ಸಾಲು. ದಿಗಂತದ ಹತ್ತಿರ ಅದು ಎಷ್ಟು ಸುತ್ತುತ್ತದೆ, ಎಡಹುರಿಯನ್ನು ಎಷ್ಟು ತಡೆಯುತ್ತದೆ, ಅಳತೆಯ ನಿಜವಾದ ಬಿಂದು ಡಬ್ಬಿಯೊಳಗೆ ಎಲ್ಲಿದೆ ಎಂಬ ಪ್ರಶ್ನೆಗಳೇ ಇಲ್ಲ. ಕೊನೆಯದು ಸಣ್ಣದಲ್ಲ. ಆಂಟೆನಾ ಅಲೆಯನ್ನು ಹಿಡಿಯುವ ಬಿಂದು ಡಬ್ಬಿಯ ತಳದಿಂದ ಕೆಲವು ಸೆಂಟಿಮೀಟರ್ ಮೇಲಿರುತ್ತದೆ, ಉಪಗ್ರಹದ ದಿಕ್ಕಿಗೆ ತಕ್ಕಂತೆ ಮಿಲಿಮೀಟರುಗಳಲ್ಲಿ ಅಲುಗುತ್ತದೆ, ಆವರ್ತಾಂಕಕ್ಕೊಂದು ಬೇರೆ ಇರುತ್ತದೆ. ಅಮೆರಿಕದ ಭೂಮಾಪನ ಸಂಸ್ಥೆ ವರ್ಜೀನಿಯಾದ ಕಾರ್ಬಿನ್ ಎಂಬಲ್ಲಿ ಆಂಟೆನಾ ಮಾದರಿಗಳನ್ನು ಅಳೆದು ಪಟ್ಟಿಯನ್ನು ಎಲ್ಲರಿಗೂ ಬಿಟ್ಟಿ ಕೊಡುತ್ತದೆ. 524.256 ಎಂದು ಮೂರು ದಶಮಾಂಶದವರೆಗೆ ಗೆರೆ ಎಳೆಯುವ ನಮಗೆ ಅಂಥ ಪಟ್ಟಿಯ ಅವಸರ ಅವರಿಗಿಂತ ಹೆಚ್ಚಿದೆ.

ಕಾಲೇಜುಗಳ ಮಾತು. ಹುನಗುಂದ, ಇಳಕಲ್, ಗುಳೇದಗುಡ್ಡದ ಕಡೆಯಿಂದ ಬಂದ ಜಾಣ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಪ್ರಾಜೆಕ್ಟಿಗೆ ನಾವಿಕ್ ಪ್ಯಾಚ್ ಆಂಟೆನಾ ಎಂದು ವರ್ಷವರ್ಷ ಬರೆದುಕೊಡುತ್ತಾರೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು, ಬಣ್ಣಬಣ್ಣದ ಬುಗ್ಗೆ ತೋರಿಸಿ, ಒಂದು ಆಂಟೆನಾ ಮಾಡಿಸಿ ತಂದು ಯಂತ್ರಕ್ಕೆ ಜೋಡಿಸುತ್ತಾರೆ. ಶಕ್ತಿ ಎಷ್ಟು ವಾಪಸ್ ಬರುತ್ತದೆ ಎಂಬ ಗೆರೆ ಚೆನ್ನಾಗಿ ಕೆಳಗಿಳಿದರೆ "ಔಟ್‌ಪುಟ್ ಬಂತ್ರೀ ಮೇಡಂ" ಎಂದು ಕುಣಿಯುತ್ತಾರೆ. 50 ಓಮಿನ ರೆಸಿಸ್ಟರ್ ಜೋಡಿಸಿದರೆ ಆ ಗೆರೆ ಇನ್ನೂ ಚೆನ್ನಾಗಿ ಇಳಿಯುತ್ತದೆ. ಅದೇನು ಆಂಟೆನಾ ಅಲ್ಲವಲ್ಲ. ಅಲೆ ಬಲಕ್ಕೆ ಸುತ್ತುತ್ತಿದೆಯೋ ಎಡಕ್ಕೋ ಎಂಬುದಕ್ಕೆ ಆ ಗೆರೆಯಲ್ಲಿ ಉತ್ತರವೇ ಇಲ್ಲ. ಅವರು ಬಳಸುವ ಹಸಿರು ಸರ್ಕ್ಯೂಟ್ ಹಾಳೆಯ ಪರಾವೈದ್ಯುತ ಗುಣಾಂಕ 4.4 ಎಂದು ಪುಸ್ತಕ ಹೇಳುತ್ತದೆ. ಬಂದ ಹಾಳೆ 4.5 ಇದ್ದರೆ 1575.42 ಮೆಗಾಹರ್ಟ್ಸಿನ ಆವರ್ತಾಂಕ 18 ಮೆಗಾಹರ್ಟ್ಸ್ ಕೆಳಗೆ ಜಾರುತ್ತದೆ, ಸುತ್ತುವ ಕಿಂಡಿಯಾಚೆಗೆ. ಕಂಪ್ಯೂಟರಿನೊಳಗೆ ಇದು ಗೊತ್ತಾಗದು. ಹೊರಗೆ ಇಟ್ಟು ಅಳೆದರೆ ಗೊತ್ತಾಗುತ್ತದೆ. ಮಕ್ಕಳ ತಪ್ಪಲ್ಲ, ಹೊರಗೆ ಅಳೆಯುವುದಕ್ಕೆ ಪಠ್ಯಕ್ರಮದಲ್ಲಿ ಅಂಕವೂ ಇಲ್ಲ, ಕಾಲೇಜಿನಲ್ಲಿ ಜಾಗವೂ ಇಲ್ಲ.

ಜಾಗ ಇಲ್ಲಿದೆ. ಬಾದಾಮಿಯಲ್ಲಿ ನಾಲ್ಕೈದು ಬಿಂದುಗಳನ್ನು ಗುರುತಿಸಲಿ: ಒಂದು ತೆರೆದ ಹೊಲದಲ್ಲಿ, ಒಂದು ಕೆರೆಯ ದಂಡೆಯಲ್ಲಿ, ಒಂದು ದಕ್ಷಿಣಮುಖದ ಬಂಡೆಯ ಬುಡದಲ್ಲಿ, ಒಂದು ಸಂದಿಯಲ್ಲಿ. ತೆರೆದ ಜಾಗದಿಂದ ಟೋಟಲ್ ಸ್ಟೇಷನ್‌ನಲ್ಲಿ ದೂರ ಕೋನ ಹಿಡಿದು ಅವುಗಳ ನಿಜವಾದ ಸ್ಥಾನವನ್ನು ಮೊದಲೇ ಗೊತ್ತುಮಾಡಲಿ. ಅದಕ್ಕೆ ಉಪಗ್ರಹದ ಹಂಗಿಲ್ಲ. ಆಮೇಲೆ ಸರಕಾರಕ್ಕೆ ರೋವರ್ ಮಾರಬಯಸುವವರೆಲ್ಲ ತಮ್ಮ ಡಬ್ಬಿ ಹೊತ್ತು ಬಂದು ಇಲ್ಲಿ ನಿಲ್ಲಿಸಲಿ, ಒಂದು ಪೂರ್ತಿ ದಿನ. ಪರದೆ ಎರಡು ಸೆಂಟಿಮೀಟರ್ ಎಂದಾಗ ನಿಜವಾದ ತಪ್ಪು ಎಷ್ಟಿತ್ತು ಎಂದು ಬರೆದು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಲಿ. ಕಟ್ಟಡದ ತಾರಸಿಯ ಮೇಲೆ ಎಲ್ಲ ರೋವರುಗಳೂ ಜಾಣರೇ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಂಥ ಹಳೆಯ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ಮತ್ತು ಸಿವಿಲ್ ವಿಭಾಗಗಳು ಕೂಡಿ ಇದನ್ನು ನೋಡಿಕೊಳ್ಳಬಹುದು. ಮಕ್ಕಳು ತಾವು ಮಾಡಿದ ಆಂಟೆನಾವನ್ನೂ ತಂದು ಅದೇ ಸಾಲಿನಲ್ಲಿ ನಿಲ್ಲಿಸಬಹುದು. ಇಳಕಲ್ ಗ್ರಾನೈಟ್ ಗಣಿಗಳ ಗಡಿ ಅಳೆಯುವವರಿಗೂ ಇದು ಬೇಕು. ಅಲ್ಲಿ ಕಡಿದ ಕಲ್ಲಿನ ಗೋಡೆಯ ಜೊತೆಗೆ ಉಕ್ಕಿನ ಕ್ರೇನುಗಳೂ ನಿಂತಿರುತ್ತವೆ, ಲೋಹ ಬಂಡೆಗಿಂತ ಜೋರಾಗಿ ಮಾರ್ದನಿಸುತ್ತದೆ.

ರೈತರಿಗೆ ಒಂದು ಹಕ್ಕೂ ಬೇಕು. ಹದ್ದುಬಸ್ತಿನ ನಕಾಶೆಯ ಜೊತೆಗೆ ರೋವರಿನ ಮತ್ತು ಆಂಟೆನಾದ ಮಾದರಿ, ಅಳೆದ ಹೊತ್ತು, ಎಷ್ಟು ಸಲ ಅಳೆದರು ಎಂಬುದು ಅಚ್ಚಾಗಿ ಬರಬೇಕು. ಗುಡ್ಡ, ಕಟ್ಟಡ, ಮರಗಳ ಬುಡದಲ್ಲಿ ಎರಡು ಬೇರೆ ಹೊತ್ತಿನಲ್ಲಿ ಅಳೆಯದೆ ಕಲ್ಲು ನೆಡಬಾರದು ಎಂಬ ನಿಯಮ ಬರಬೇಕು. ಅಣ್ಣನ ಹೊಲದಲ್ಲಿ ಜಗಳ ತಣ್ಣಗಾದದ್ದು ಎರಡನೆಯ ಅಳತೆಯಿಂದಲೇ. ಅದೂ ಅಕ್ಕಪಕ್ಕದವರು ಹಟ ಹಿಡಿದು ಕೇಳಿದ್ದಕ್ಕೆ ಸಿಕ್ಕದ್ದು.

ಅಡ್ಡಿಗಳು ನನಗೆ ಗೊತ್ತಿಲ್ಲದೆ ಇಲ್ಲ. ಗುಹೆ, ಕೋಟೆ, ಕೆರೆಯ ಸುತ್ತ ಎಲ್ಲ ಪುರಾತತ್ವ ಸರ್ವೇಕ್ಷಣದ ಧಾರವಾಡ ವೃತ್ತಕ್ಕೆ ಸೇರಿದ್ದು. ಮಂಗಳೇಶ 578ರಲ್ಲಿ ಶಾಸನ ಕೊರೆಸಿದ ಬಂಡೆಯ ಆಸುಪಾಸಿನಲ್ಲಿ ನಾವು ಮೊಳೆ ಹೊಡೆಯಲಾಗದು, ಹೊಡೆಯಲೂಬಾರದು. ಬೇಕಾದದ್ದು ಮುಕ್ಕಾಲಿ ಇಟ್ಟು ತೆಗೆಯುವ ಅನುಮತಿ ಮಾತ್ರ. ಬಿಂದುಗಳನ್ನು ಆಗಲೇ ಹಾಸಿರುವ ಚಪ್ಪಡಿಯ ಮೂಲೆಗಳಿಂದ ದೂರ ಹಿಡಿದು ಗುರುತಿಸಬಹುದು. ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುವ ಡಿಸೆಂಬರ್, ಜನವರಿ ಬೇಡ. ಬನಶಂಕರಿ ಜಾತ್ರೆ ಮುಗಿದ ಮೇಲೆ, ಬಿಸಿಲು ಏರುವ ಮೊದಲಿನ ವಾರಗಳು ಒಳ್ಳೆಯವು. ಇನ್ನು ಮಂಗಗಳು. ಬಿಳಿ ಗುಂಡು ಡಬ್ಬಿಯನ್ನು ಅವು ಬಿಟ್ಟಾವೆಂಬ ನಂಬಿಕೆ ನನಗಿಲ್ಲ. ಕಾವಲಿಗೆ ಒಬ್ಬ ಹುಡುಗ, ಅವನ ಕೈಯಲ್ಲಿ ಒಂದು ಕೋಲು, ಇದನ್ನೂ ಖರ್ಚಿನ ಪಟ್ಟಿಗೆ ಸೇರಿಸಿದ್ದೇನೆ. ಧಾರವಾಡಕ್ಕೆ ಕೊಡುವ ಅರ್ಜಿಯ ಕರಡು ಸಿದ್ಧವಿದೆ. ನಿವೃತ್ತ ಮಾಸ್ತರ್ತಿಯ ಸಹಿಗೆ ಅಲ್ಲಿ ಬೆಲೆಯಿಲ್ಲ. ಭೂಮಾಪನ ಇಲಾಖೆಯದೋ ಕಾಲೇಜಿನದೋ ಮೊಹರು ಬೇಕು. ಕೇಳಿದವರಿಗೆ ಕರಡನ್ನು ಇವತ್ತೇ ಕೊಡುತ್ತೇನೆ.